ಕಾಲಿಗೆ ಪಾಠ ಹೇಳಿದ ವಿಮಾನ

(ಮೈಸೂರಿನಲ್ಲಿ ಗೆಳೆಯರ ಓದುಗರ ಬಳಗದ ಮುಂದೆ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಮಯ ಸಾಲದೆ ಅಂದು ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಪರಿಚಯಿಸಿದವರು ನಾನು ಹಾರಿಸಿದ ಯುದ್ಧವಿಮಾನಗಳ ಹೆಸರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಮುಂದಿನ ಸಾಲಿನ ಹುಡುಗರ ಕಣ್ಣು ಅರಳಿದ್ದು ಇಲ್ಲಿಂದಲೇ ಕಂಡಿತು. ಅವರ ಕ್ಷಮೆಯನ್ನು ಮೊದಲೇ ಕೇಳಿಬಿಡುತ್ತೇನೆ. ನಾನು ಇವತ್ತು ಹೇಳಲು ಬಂದಿರುವುದು ಗಂಟೆಗೆ ಇನ್ನೂರು ಕಿಲೋಮೀಟರ್ ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ ಒಂದು ಪುಟ್ಟ ತರಬೇತಿ ವಿಮಾನದ ಕಥೆ. ಅದಕ್ಕೆ ಬಂದೂಕಿಲ್ಲ, ಬಾಂಬಿಲ್ಲ. ಮೂತಿಯಲ್ಲಿ ಒಂದು ಪ್ರೊಪೆಲ್ಲರು, ಹೊಟ್ಟೆಯಡಿ ಮಡಚಲು ಬಾರದ ಎರಡು ಚಕ್ರ, ಬಾಲದಡಿ ಒಂದು ಪುಟಾಣಿ ಚಕ್ರ. ಒಳಗೆ ಹಿಂದೊಬ್ಬ ಮುಂದೊಬ್ಬ ಕೂರುವ ಎರಡು ಆಸನ. ಹೆಸರು ಎಚ್‌ಟಿ-2. ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

ವಿಮಾನಕ್ಕೆ ಬರುವ ಮುನ್ನ ಅಡಿಕೆ ಮರದ ಮಾತು. ನಾನು ಸಾಗರ ಸೀಮೆಯವನು. ಮನೆಗೆ ಒಂದಿಷ್ಟು ಅಡಿಕೆ ತೋಟವಿತ್ತು. ಕೊನೆಕೊಯ್ಲಿನ ಕಾಲಕ್ಕೆ ಕೊನೆಗಾರರು ಬರುತ್ತಿದ್ದರು. ಕಾಲಿಗೆ ಹಗ್ಗದ ಬಳೆ ಸಿಕ್ಕಿಸಿಕೊಂಡು ಮರ ಹತ್ತಿ, ತುದಿ ಮುಟ್ಟಿದ ಮೇಲೆ ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟಿಬಿಡುವ ಜನ ಅವರು. ಅಪ್ಪಯ್ಯ ಕೆಳಗೆ ಕವಳ ಜಗಿಯುತ್ತ ನಿಂತಿರುತ್ತಿದ್ದರು. ಹೊಸಬನೊಬ್ಬ ನಾಲ್ಕು ಮಾರು ಹತ್ತುವುದರೊಳಗೆ ಅವರ ತೀರ್ಪು ಬಂದಿರುತ್ತಿತ್ತು: ‘ಇವನಿಗೆ ಇನ್ನೂ ಕಾಲು ಕುದುರಿಲ್ಲ.’ ಕೈ ಕುದುರುವುದೆಂದರೆ ನನಗೆ ಗೊತ್ತಿತ್ತು. ಶಾಲೆಯ ಮೇಷ್ಟರು ಅಕ್ಷರ ನೋಡಿ ಹಾಗೆನ್ನುತ್ತಿದ್ದರು. ಕಾಲು ಕುದುರುವುದು ಏನೆಂದು ತಿಳಿಯಲು ನಾನು ಬೀದರಿಗೆ ಹೋಗಬೇಕಾಯಿತು.

ವಾಯುಪಡೆಯ ಹಾರಾಟ ತರಬೇತಿಗೆಂದು ಅಲ್ಲಿಗೆ ಹೋದದ್ದು 1973ರ ಜುಲೈಯಲ್ಲಿ. ಬಸ್ಸು, ರೈಲು, ಮತ್ತೊಂದು ರೈಲು, ಕೊನೆಗೆ ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ಬೀದರ್. ಒಂದೇ ರಾಜ್ಯದೊಳಗಿನ ಪ್ರಯಾಣ ಅದೆಂದರೆ ನಂಬುವುದು ಕಷ್ಟ. ನಮ್ಮಲ್ಲಿ ಮಳೆಗಾಲವೆಂದರೆ ಹದಿನೈದು ದಿನ ಸೂರ್ಯನ ಮುಖ ಕಾಣದೆ ಬಟ್ಟೆ ಬೂಸಲು ಹಿಡಿಯುವುದು. ಅಲ್ಲಿ ಕೆಂಪು ಮುರಕಲ್ಲಿನ ಬಟಾಬಯಲು, ಅದರ ಮೇಲೆ ದೊಡ್ಡದೊಂದು ಆಕಾಶ. ಮಳೆ ಬಂದರೂ ದೂರದಿಂದಲೇ ನಡೆದು ಬರುವುದು ಕಾಣುತ್ತಿತ್ತು. ವಿಮಾನ ಹಾರಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಎಂಜಿನ್ ಕೈಕೊಟ್ಟರೆ ಎಲ್ಲಾದರೂ ಒಂದು ಜೋಳದ ಹೊಲ ಸಿಕ್ಕೇ ಸಿಗುತ್ತದೆ. ಇದೇ ಪಾಠವನ್ನು ಸಾಗರದ ಮೇಲೆ ಕಲಿಸಿದ್ದರೆ ಅಡಿಕೆ ಮರದ ತುದಿಯಲ್ಲೇ ಇಳಿಯಬೇಕಾಗುತ್ತಿತ್ತು. (ಇಲ್ಲಿ ಸಭಿಕರು ನಕ್ಕರು. ಅಪ್ಪಯ್ಯ ಇದನ್ನು ಕೇಳಿದಾಗ ನಕ್ಕಿರಲಿಲ್ಲ.)

ನಾನು ಬೀದರಿಗೆ ಬಂದಿಳಿದಾಗ ಅದು ಮೈಸೂರು ರಾಜ್ಯದ ಊರು. ತರಬೇತಿ ಮುಗಿಸಿ ಹೊರಡುವಾಗ ಕರ್ನಾಟಕದ ಊರು. ನವೆಂಬರ್ 1ರಂದು ಹೆಸರು ಬದಲಾಯಿತು. ನಮ್ಮ ತಂಡದಲ್ಲಿ ಕನ್ನಡದವರು ಇಬ್ಬರೇ ಇದ್ದೆವು. ಊರೊಳಗಿನಿಂದ ಪೇಡೆ ತಂದು ಮೆಸ್ಸಿನಲ್ಲಿ ಹಂಚಿದೆವು. ಯಾಕೆಂದು ಕೇಳಿದವರಿಗೆ ‘ನಮ್ಮ ರಾಜ್ಯಕ್ಕೆ ನಾಮಕರಣ’ ಎಂದೆವು. ಪಂಜಾಬಿನ ಹುಡುಗನೊಬ್ಬ ಪೂರ್ತಿ ಗಂಭೀರವಾಗಿ ‘ಮಗು ಹುಟ್ಟಿ ಎಷ್ಟು ದಿನವಾಯಿತು?’ ಎಂದು ಕೇಳಿದ.

ಈಗ ವಿಮಾನ. ಇದನ್ನು ಮಾಡಿದ ಕಾರ್ಖಾನೆ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಇಂದಿನ ಎಚ್‌ಎಎಲ್. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಹಟ, ಮೈಸೂರು ಸಂಸ್ಥಾನದ ಜಮೀನು ಮತ್ತು ಹಣ, ಇವೆರಡೂ ಕೂಡಿ ಆದದ್ದು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಆ ಕಾರ್ಖಾನೆಯಲ್ಲಿ ಮೊದಲು ಜೋಡಿಸಿದ್ದು ಕೂಡ ಒಂದು ತರಬೇತಿ ವಿಮಾನವೇ, ಹಾರ್ಲೋ ಎಂಬ ಅಮೆರಿಕದ ಮಾದರಿ. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಪ್ರೆಂಟಿಸ್ ಎಂಬ ತರಬೇತಿ ವಿಮಾನವನ್ನು ಪರವಾನಗಿ ಪಡೆದು ಕಟ್ಟಿದರು. ಭಾರ ಹೆಚ್ಚು, ಶಕ್ತಿ ಕಡಿಮೆ ಎಂಬ ದೂರು ಅದರ ಬೆನ್ನು ಬಿಡಲಿಲ್ಲ. ನಮ್ಮದೇ ಒಂದನ್ನು ಯಾಕೆ ಮಾಡಬಾರದು ಎಂಬ ಪ್ರಶ್ನೆಗೆ ಉತ್ತರವಾಗಿ ನಿಂತವರು ಡಾಕ್ಟರ್ ವಿ. ಎಂ. ಘಾಟಗೆ.

ಈ ಹೆಸರನ್ನು ಕೇಳಿದವರು ಕೈ ಎತ್ತಿ ಎಂದೆ. ಸಭೆಯಲ್ಲಿ ಎರಡು ಕೈ ಎದ್ದವು. ಬೇಸರವಾಯಿತು, ಆಶ್ಚರ್ಯವಾಗಲಿಲ್ಲ. ಘಾಟಗೆ ಕೊಲ್ಹಾಪುರದ ಕಡೆಯವರು. ಜರ್ಮನಿಯ ಗಾಟಿಂಗನ್‌ಗೆ ಹೋಗಿ, ಗಾಳಿಯ ಹರಿವಿನ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಲುಡ್‌ವಿಗ್ ಪ್ರಾಂಟಲ್ ಅವರ ಬಳಿ ಕಲಿತು ಬಂದರು. 1940ರಲ್ಲಿ ಈ ಕಾರ್ಖಾನೆ ಸೇರಿದರು. 1942ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗ ಶುರುವಾದಾಗ ಅಲ್ಲಿ ಪಾಠ ಹೇಳಿದವರೂ ಅವರೇ. ಹೊಟ್ಟೆಯಿಂದ ರೆಕ್ಕೆಯ ತುದಿವರೆಗೂ ಲೋಹದ್ದೇ ಆದ ಎಚ್‌ಟಿ-2 ಅವರ ಮುಂದಾಳುತನದಲ್ಲಿ ರೂಪುಗೊಂಡು, 1951ರ ಆಗಸ್ಟಿನಲ್ಲಿ ಮೊದಲ ಬಾರಿಗೆ ನೆಲ ಬಿಟ್ಟಿತು. ಹಾರಿಸಿದವರು ಕ್ಯಾಪ್ಟನ್ ಮುನ್ಷಿ. ಸ್ವತಂತ್ರ ಭಾರತಕ್ಕೆ ಆಗ ನಾಲ್ಕು ವರ್ಷ. ಆಮೇಲೆ ನೂರೈವತ್ತಕ್ಕೂ ಹೆಚ್ಚು ಎಚ್‌ಟಿ-2ಗಳನ್ನು ಕಟ್ಟಿದರು. 1959ರಲ್ಲಿ ಆಫ್ರಿಕದ ಘಾನಾ ದೇಶ ತನ್ನ ವಾಯುಪಡೆ ಕಟ್ಟುವಾಗ ಹನ್ನೆರಡು ವಿಮಾನಗಳು ಅಲ್ಲಿಗೂ ಹೋದವು.

ಎಂಜಿನ್ ಮಾತ್ರ ಇಂಗ್ಲೆಂಡಿನದು, ಬ್ಲಾಕ್‌ಬರ್ನ್ ಸಿರಸ್ ಮೇಜರ್, 155 ಅಶ್ವಶಕ್ತಿ. ನಮ್ಮವರು ಇತ್ತೀಚೆಗೆ ಮಾಡಿರುವ ಎಚ್‌ಟಿಟಿ-40 ತರಬೇತಿ ವಿಮಾನ 2016ರಲ್ಲಿ ಹಾರಿತು. ಚೆಂದದ ವಿಮಾನ, ಅದರ ಎಂಜಿನ್ ಅಮೆರಿಕದ್ದು. ಮೈ ಕಟ್ಟಲು ಬಂದಷ್ಟು ಸುಲಭವಾಗಿ ಗುಂಡಿಗೆ ಕಟ್ಟಲು ಬರುವುದಿಲ್ಲ. ಇದನ್ನು ಇಲ್ಲಿಗೇ ಬಿಡುತ್ತೇನೆ, ಶುರು ಮಾಡಿದರೆ ಸಂಜೆಯಾಗುತ್ತದೆ.

ಆ ಎಂಜಿನ್ನಿನ ಒಂದು ವಿಚಿತ್ರ ಹೇಳಬೇಕು. ಅದರ ನಾಲ್ಕು ಸಿಲಿಂಡರುಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ಜೋತುಬಿದ್ದಿರುತ್ತವೆ. ಹಾಗೆ ಮಾಡಿದರೆ ಪ್ರೊಪೆಲ್ಲರಿನ ದಂಡ ಮೇಲಕ್ಕೆ ಹೋಗುತ್ತದೆ, ಪ್ರೊಪೆಲ್ಲರು ನೆಲಕ್ಕೆ ತಾಗುವುದಿಲ್ಲ. ಆದರೆ ರಾತ್ರಿಯೆಲ್ಲ ನಿಂತ ವಿಮಾನದಲ್ಲಿ ಎಣ್ಣೆ ಜಿನುಗಿ ಜಿನುಗಿ ಸಿಲಿಂಡರಿನ ತಲೆಯಲ್ಲಿ ಕೂಡಿಕೊಳ್ಳುತ್ತದೆ. ನೋಡದೆ ಚಾಲೂ ಮಾಡಿದರೆ ಎಣ್ಣೆ ಹಿಸುಕಿಗೆ ಬಗ್ಗುವುದಿಲ್ಲ, ಒಳಗಿನ ರಾಡು ಬಗ್ಗುತ್ತದೆ. ಆದ್ದರಿಂದ ಬೆಳಗಿನ ಜಾವ ಪ್ರೊಪೆಲ್ಲರನ್ನು ಕೈಯಲ್ಲಿ ಹಿಡಿದು ಸುತ್ತು ಸುತ್ತು ತಿರುಗಿಸಿ, ತಡೆ ಇದೆಯೇ ಎಂದು ನೋಡಬೇಕು. ನಮ್ಮ ಏರ್‌ಮನ್ ಒಬ್ಬರು ಅದನ್ನು ಹಸುವಿನ ಕೆಚ್ಚಲು ಸವರುವವರಂತೆ ಮಾಡುತ್ತಿದ್ದರು, ಕಣ್ಣು ಮುಚ್ಚಿಕೊಂಡು. ಆಮೇಲೆ ಎಂಜಿನ್ ಕೆಮ್ಮಿ, ನೀಲಿ ಹೊಗೆಯ ಒಂದು ಉಂಡೆಯನ್ನು ಉಗುಳಿ, ಗುಡುಗುಡು ಎನ್ನುತ್ತಿತ್ತು. ಇಂಧನ, ಬಿಸಿ ಎಣ್ಣೆ, ಬೆವರು ಹೀರಿದ ಪಟ್ಟಿಗಳು, ಇವೆಲ್ಲ ಸೇರಿದ ಒಂದು ವಾಸನೆ ಕಾಕ್‌ಪಿಟ್ಟಿನಲ್ಲಿರುತ್ತಿತ್ತು. ಐವತ್ತು ವರ್ಷ ಕಳೆದರೂ ಹಳೆಯ ಗ್ಯಾರೇಜಿನ ಮುಂದೆ ಹಾದುಹೋದರೆ ನಾನು ಒಂದು ಕ್ಷಣ ನಿಲ್ಲುತ್ತೇನೆ.

ಬಾಲಚಕ್ರದ ವಿಮಾನ ನೆಲದ ಮೇಲಿರುವಾಗ ಮೂತಿ ಎತ್ತಿಕೊಂಡು ಕೂತಿರುತ್ತದೆ. ಒಳಗಿರುವವನಿಗೆ ಎದುರಿಗೆ ಕಾಣುವುದು ಎಂಜಿನ್ನಿನ ಮುಚ್ಚಳ ಮಾತ್ರ. ದಾರಿ ನೋಡಬೇಕೆಂದರೆ ಹಾವಿನಂತೆ ಎಡಕ್ಕೂ ಬಲಕ್ಕೂ ಹೊರಳುತ್ತ ಹೋಗಬೇಕು. ಅದನ್ನೆಲ್ಲ ಮಾಡಿಸುವುದು ಕಾಲು. ಎರಡು ಪೆಡಲುಗಳಿವೆ, ಅವು ಬಾಲದ ಚುಕ್ಕಾಣಿಯನ್ನು ಆಡಿಸುತ್ತವೆ.

ಇದರಲ್ಲಿ ಕಷ್ಟವೇನು ಎಂದು ಕೇಳುತ್ತೀರಿ. ನಮ್ಮ ತರಕಾರಿ ಮಾರುವವರ ತಳ್ಳುಗಾಡಿಯನ್ನು ನೆನೆಸಿಕೊಳ್ಳಿ. ಅದನ್ನು ಮುಂದಿನಿಂದ ಎಳೆದುಕೊಂಡು ಹೋದರೆ ಸುಮ್ಮನೆ ಹಿಂದೆ ಬರುತ್ತದೆ. ಹಿಂದಿನಿಂದ ಜೋರಾಗಿ ತಳ್ಳಿದರೆ ಅಡ್ಡಡ್ಡ ತಿರುಗಲು ನೋಡುತ್ತದೆ. ಬಾಲಚಕ್ರದ ವಿಮಾನದಲ್ಲಿ ಭಾರದ ನಡುಬಿಂದು ದೊಡ್ಡ ಚಕ್ರಗಳ ಹಿಂದಿರುತ್ತದೆ. ಅಂದರೆ ಇಳಿದು ಓಡುತ್ತಿರುವಾಗ ಬಾಲ ಯಾವಾಗಲೂ ಮೂತಿಯನ್ನು ಹಿಂದೆ ಹಾಕಲು ಹೊಂಚುತ್ತಿರುತ್ತದೆ. ಸ್ವಲ್ಪ ಓರೆಯಾಯಿತೇ, ಆ ಓರೆ ತಾನಾಗಿಯೇ ದೊಡ್ಡದಾಗುತ್ತದೆ. ಅದು ಕಣ್ಣಿಗೆ ಕಂಡು, ಬುದ್ಧಿಗೆ ತಿಳಿದು, ಆಮೇಲೆ ಕಾಲಿಗೆ ಆಜ್ಞೆ ಹೋಗುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಬುದ್ಧಿಯನ್ನು ಕೇಳದೆ ಕಾಲೇ ತಿಳಿದುಕೊಳ್ಳಬೇಕು.

ಗಾಳಿಯಲ್ಲೂ ಅದೇ. ಮುಂದೆ ಬಾಗಿದ ಒಂದು ಗಾಜಿನ ಕೊಳವೆ, ಅದರೊಳಗೆ ಒಂದು ಕಪ್ಪು ಗುಂಡು. ವಿಮಾನ ಗಾಳಿಯಲ್ಲಿ ನೇರ ಹೋಗುತ್ತಿದ್ದರೆ ಗುಂಡು ನಡುವಿನಲ್ಲಿ, ಅಡ್ಡ ಜಾರುತ್ತಿದ್ದರೆ ಗುಂಡು ಪಕ್ಕಕ್ಕೆ. ಅದು ಯಾವ ಕಡೆಗೆ ಹೋಯಿತೋ ಆ ಕಡೆಯ ಪೆಡಲ್ ಒತ್ತಬೇಕು. ನನ್ನ ಇನ್‌ಸ್ಟ್ರಕ್ಟರ್ ಹಿಂದಿನ ಆಸನದಲ್ಲಿ ಕೂತು ಬೇರೆ ಏನೂ ಹೇಳುತ್ತಿರಲಿಲ್ಲ. ‘ಗುಂಡು’ ಎನ್ನುತ್ತಿದ್ದರು. ಎರಡು ನಿಮಿಷ ಬಿಟ್ಟು ಮತ್ತೆ ‘ಗುಂಡು.’ ಸಿಟ್ಟು ಏರಿದಾಗ ಕೂಗುವ ಜನ ಬೇರೆ ಇದ್ದರು. ಇವರು ಸಿಟ್ಟು ಏರಿದಷ್ಟೂ ದನಿ ತಗ್ಗಿಸುತ್ತಿದ್ದರು. ಮೌನವಾದರೆಂದರೆ ನಾನು ಹೆದರುತ್ತಿದ್ದೆ. ಒಂದು ದಿನ ಅವರು ಮುಂದಿನ ಗಡಿಯಾರದಂಥ ಮಾಪಕಗಳನ್ನೆಲ್ಲ ಕಾಗದದಿಂದ ಮುಚ್ಚಿಸಿದರು. ‘ಈಗ ಗುಂಡು ಎಲ್ಲಿದೆ ಹೇಳು’ ಎಂದರು. ಗೊತ್ತಿಲ್ಲ ಎಂದೆ. ‘ನೀನು ಕೂತಿರುವ ಕಡೆ ಕೇಳಿ ನೋಡು’ ಎಂದರು. ನಿಜವಾಗಿಯೂ ಗೊತ್ತಾಗುತ್ತದೆ. ಬಸ್ಸು ತಿರುವಿನಲ್ಲಿ ಹೊರಳಿದಾಗ ಪಕ್ಕದವರ ಮೇಲೆ ವಾಲುತ್ತೀರಲ್ಲ, ಅದೇ ವಾಲಾಟ, ಅದರ ನೂರರಲ್ಲಿ ಒಂದು ಪಾಲು. ಆಗುಂಬೆ ಘಾಟಿಯಲ್ಲಿ ನಿಂತುಕೊಂಡು ಪ್ರಯಾಣ ಮಾಡಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ರಾತ್ರಿ ಬ್ಯಾರಕ್ಕಿನಲ್ಲಿ ನಾವು ಮಂಚದ ಅಂಚಿಗೆ ಕೂತು ಹಾರುತ್ತಿದ್ದೆವು. ಕೈಯಲ್ಲಿ ಒಂದು ಬೆತ್ತ, ಅದು ಸ್ಟಿಕ್, ವಿಮಾನವನ್ನು ಏರಿಳಿಸುವ, ವಾಲಿಸುವ ಹಿಡಿಕೋಲು. ಕಾಲಡಿ ಒಂದು ಹಲಗೆ, ಅದರ ನಡುವೆ ಕಲ್ಲು, ಅದು ರಡರ್, ಅಂದರೆ ಚುಕ್ಕಾಣಿಯ ಪೆಡಲು. ಕಣ್ಣು ಮುಚ್ಚಿ ಗೊಣಗುತ್ತ ಎಲ್ಲರೂ ಹಲಗೆ ತುಳಿಯುವುದನ್ನು ಹೊರಗಿನಿಂದ ಯಾರಾದರೂ ನೋಡಿದ್ದರೆ ಸರ್ಕಾರ ಹುಚ್ಚಾಸ್ಪತ್ರೆಗೆ ಖರ್ಚು ಮಾಡುತ್ತಿದೆ ಎಂದುಕೊಳ್ಳುತ್ತಿದ್ದರು.

ಸೋಲೋ, ಅಂದರೆ ಒಬ್ಬನೇ ಹಾರುವ ಸರದಿ, ಸೆಪ್ಟೆಂಬರಿನಲ್ಲಿ ಬಂತು. ಮಳೆ ನಿಂತ ಒಂದು ಬೆಳಗ್ಗೆ ಮೂರು ಸಲ ಇಳಿದು ಏರಿದ ಮೇಲೆ, ವಿಮಾನವನ್ನು ಪಕ್ಕಕ್ಕೆ ನಿಲ್ಲಿಸು ಎಂದರು. ಎಂಜಿನ್ ಓಡುತ್ತಿದ್ದಂತೆಯೇ ಇಳಿದರು. ಹಿಂದಿನ ಆಸನದ ಪಟ್ಟಿಗಳು ಸಡಿಲವಾಗಿ ಸ್ಟಿಕ್ಕಿಗೆ ಸುತ್ತಿಕೊಳ್ಳಬಾರದೆಂದು ಅವುಗಳನ್ನು ಬಿಗಿಯಾಗಿ ಕಟ್ಟಿದರು. ಕಟ್ಟುವಾಗ ತೊಟ್ಟಿಲ ಹಗ್ಗ ನೋಡುವವರ ಹಾಗೆ ಎರಡೆರಡು ಸಲ ಜಗ್ಗಿ ನೋಡಿದರು. ನನ್ನ ಭುಜ ತಟ್ಟಿ, ತಿರುಗಿ ನೋಡದೆ ಹುಲ್ಲಿನ ಮೇಲೆ ನಡೆದುಹೋದರು.

ಒಬ್ಬನ ತೂಕ ಇಳಿದರೆ ಆ ಪುಟ್ಟ ಎಂಜಿನ್ನಿಗೆ ಎಷ್ಟು ಹಗುರಾಗುತ್ತದೆಂದು ಯಾರೂ ಹೇಳಿರಲಿಲ್ಲ. ಇಡೀ ವಿಮಾನ ತುಂಬಿದರೂ ಒಂದು ಟನ್ನಿನ ಆಸುಪಾಸು. ಎಂಜಿನ್ನಿನ ಶಕ್ತಿ ಏರಿಸುವ ಥ್ರಾಟಲ್ ಮುಂದೂಡಿದ್ದೇ ತಡ, ಬಾಲ ಎದ್ದಿತು, ಓಡುದಾರಿ ಎದುರಿಗೆ ಕಂಡಿತು, ನಾನು ಸಿದ್ಧನಾಗುವ ಮೊದಲೇ ಚಕ್ರದ ಸದ್ದು ನಿಂತುಹೋಯಿತು. ಹಿಂದಿನಿಂದ ‘ಗುಂಡು’ ಎಂಬ ದನಿ ಬರಲಿಲ್ಲ. ಅದಕ್ಕೆ ನಾನೇ ಗಟ್ಟಿಯಾಗಿ ‘ಗುಂಡು’ ಎಂದೆ. ಆಮೇಲೆ ನಗು ಬಂತು. ಆಮೇಲೆ, ನಿಜ ಹೇಳಬೇಕೆಂದರೆ, ಹಾಡಿದೆ. ಯಾವ ಹಾಡೆಂದು ಕೇಳಬೇಡಿ.

ಸುತ್ತು ಹಾಕುವಾಗ ಬೀದರಿನ ಪಕ್ಕದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳು ಕಂಡವು. ಅವುಗಳಲ್ಲಿ ಹುಮಾಯೂನ್ ಷಾನ ಗೋರಿಗೆ ಸಿಡಿಲು ಬಡಿದು ಗುಮ್ಮಟ ಸೀಳಿಹೋಗಿದೆ. ನೆಲದಿಂದ ನೋಡಿದರೆ ಭಯಂಕರ, ಮೇಲಿನಿಂದ ನೋಡಿದರೆ ಹಿತ್ತಲಲ್ಲಿ ಯಾರೋ ಒಡೆದಿಟ್ಟ ಮಡಕೆ. ನನಗೆ ಅದು ತಿರುವಿನ ಗುರುತಾಗಿತ್ತು. ಮಡಕೆ ರೆಕ್ಕೆಯ ಕೆಳಗೆ ಬಂದಾಗ ನನ್ನ ಕೆಲಸದ ಪಟ್ಟಿ ಶುರುವಾಗಬೇಕು. ಹೆಸರು ಕೇಳಿದರೇ ಜನ ನಡುಗುತ್ತಿದ್ದ ಸುಲ್ತಾನನೊಬ್ಬ ಐದು ಶತಮಾನದ ಮೇಲೆ ಸಾಗರದ ಹುಡುಗನಿಗೆ ದಾರಿ ತೋರಿಸುವ ಮೈಲಿಗಲ್ಲಾಗಿದ್ದ.

ಇಳಿದದ್ದು ಚೆನ್ನಾಗಿಯೇ ಆಯಿತು. ಮೂರೂ ಚಕ್ರ ಒಟ್ಟಿಗೆ ನೆಲ ಮುಟ್ಟಿದವು. ಅಂದೇ ಅಪ್ಪಯ್ಯನಿಗೆ ಇನ್‌ಲ್ಯಾಂಡ್ ಪತ್ರ ಬರೆದೆ, ಮೂರು ಮಡಿಕೆಯೂ ತುಂಬುವಷ್ಟು. ಉತ್ತರ ಹತ್ತು ದಿನದ ಮೇಲೆ ಬಂತು. ‘ನೀನು ಒಬ್ಬನೇ ಹಾರಿದ ವಿಷಯ ತಿಳಿದು ಸಂತೋಷವಾಯಿತು. ಇಲ್ಲಿ ಮಳೆ ಬಿಡುವು ಕೊಟ್ಟಿಲ್ಲ, ತೋಟಕ್ಕೆ ಕೊಳೆ ಬಿದ್ದಿದೆ, ಎರಡನೆಯ ಸಲ ಔಷಧಿ ಹೊಡೆಸಬೇಕು. ಅಷ್ಟು ಮೇಲಕ್ಕೆ ಹೋದಾಗ ಮೋಡ ಇನ್ನೆಷ್ಟು ದೂರ ಇದೆ ಎಂದು ಕಾಣುತ್ತದೆಯೇ? ಕಂಡರೆ ಬರೆ.’

ಹೆಮ್ಮೆ ತಲೆಗೇರಿದವನಿಗೆ ಎಚ್‌ಟಿ-2 ಬೇಗ ಬುದ್ಧಿ ಕಲಿಸುತ್ತದೆ. ಅಕ್ಟೋಬರಿನ ಒಂದು ಮಧ್ಯಾಹ್ನ ಅಡ್ಡಗಾಳಿ ಇತ್ತು. ನಾನು ಚೆಂದವಾಗಿ ಇಳಿದು, ಓಟ ನಿಧಾನವಾಗುತ್ತಿದ್ದಂತೆ ಕಾಲನ್ನು ಸಡಿಲಬಿಟ್ಟೆ, ಇನ್ನೇನು ಮುಗಿಯಿತಲ್ಲ ಎಂದು. ಬಾಲ ಅಷ್ಟನ್ನೇ ಕಾಯುತ್ತಿತ್ತು. ವಿಮಾನ ಗಿರಕಿ ಹೊಡೆದು, ರೆಕ್ಕೆಯ ತುದಿ ನೆಲಕ್ಕೆ ತರಚಿ, ಬಂದ ದಾರಿಯ ಕಡೆಗೇ ಮುಖ ಮಾಡಿ ನಿಂತಿತು. ಧೂಳು ತಗ್ಗಿದಾಗ ನನ್ನ ಎದುರಿಗೇ ನಾನು ಇಳಿದ ಚಕ್ರದ ಗುರುತು, ಅದರಾಚೆ ನಡೆದು ಬರುತ್ತಿರುವ ಇನ್‌ಸ್ಟ್ರಕ್ಟರ್. ಅವರು ಬೈಯಲಿಲ್ಲ. ರೆಕ್ಕೆಯ ತುದಿ ನೋಡಿದರು, ನನ್ನ ಬೂಟು ನೋಡಿದರು. ‘ಇವು ಎಲ್ಲಿಗೆ ಹೋಗಿದ್ದವು?’ ಎಂದರು. ತಪ್ಪು ಪೂರ್ತಿ ನನ್ನದೇ, ಗಾಳಿಯದಲ್ಲ, ವಿಮಾನದ್ದಂತೂ ಅಲ್ಲ. ಆ ರೆಕ್ಕೆ ದುರಸ್ತಿಯಾಗುವವರೆಗೆ ದಿನಾ ಹ್ಯಾಂಗರಿಗೆ ಹೋಗಿ ಕೆಲಸದವರಿಗೆ ಚಹಾ ತಂದುಕೊಟ್ಟೆ. ಅದು ಶಿಕ್ಷೆಯಾಗಿರಲಿಲ್ಲ, ನನಗೇ ಹಾಗೆ ಮಾಡಬೇಕೆನ್ನಿಸಿತ್ತು.

ಸ್ಪಿನ್ ಬಗ್ಗೆ ಹೇಳಲೇಬೇಕು, ಹುಡುಗರು ಅದಕ್ಕೇ ಕಾಯುತ್ತಿದ್ದಾರೆ. ಸಾಕಷ್ಟು ಎತ್ತರಕ್ಕೆ ಏರಿ, ಥ್ರಾಟಲ್ ಮುಚ್ಚಿ, ಮೂತಿ ಎತ್ತುತ್ತ ಹೋಗುವುದು. ವೇಗ ಸತ್ತು ರೆಕ್ಕೆ ನಡುಗುವ ಗಳಿಗೆಯಲ್ಲಿ ಒಂದು ಕಡೆಯ ಪೆಡಲನ್ನು ಪೂರ್ತಿ ಒತ್ತಬೇಕು. ವಿಮಾನ ಒಂದು ಪಕ್ಕಕ್ಕೆ ಮಗುಚಿ, ತಲೆ ಕೆಳಗಾಗಿ ಸುತ್ತತೊಡಗುತ್ತದೆ. ಕೆಳಗಿನ ಭೂಮಿ ಬೀಸುಕಲ್ಲಾಗುತ್ತದೆ: ಕೆಂಪು ಹೊಲ, ಹಸಿರು ಹೊಲ, ಕೆರೆ, ಕೆಂಪು ಹೊಲ. ಬಿಡಿಸಿಕೊಳ್ಳಲು ಎದುರು ಪೆಡಲ್ ಒತ್ತಿ, ಒಂದು ಕ್ಷಣ ತಡೆದು, ಸ್ಟಿಕ್ಕನ್ನು ಮುಂದಕ್ಕೆ ತಳ್ಳಬೇಕು. ನೆಲ ಎದುರಿಗೆ ತಿರುಗುತ್ತಿರುವಾಗ ಮೂತಿಯನ್ನು ಇನ್ನೂ ನೆಲದ ಕಡೆಗೇ ತಳ್ಳುವುದು! ಮೈಯ ಒಂದೊಂದು ನರವೂ ಬೇಡವೆನ್ನುತ್ತದೆ. ಮೊದಲ ಸಲ ನಾನು ತಡೆಯುವ ಆ ಒಂದು ಕ್ಷಣದಲ್ಲಿ ನಮ್ಮೂರಿನ ಗಣಪತಿಗೆ ಹರಕೆ ಹೊತ್ತೆ. ತೀರಿಸಿದ್ದೇನೆ.

ಡಿಸೆಂಬರಿನ ಹೊತ್ತಿಗೆ ಹೆದರಿಕೆ ಕರಗಿತ್ತು. ಬೆಳಗಿನ ಗಾಳಿ ಗಟ್ಟಿ, ತಣ್ಣಗೆ, ಹಾಲಿನ ಮೇಲಿನ ಕೆನೆಯಂತೆ ಅಲುಗದೆ ನಿಂತಿರುತ್ತಿತ್ತು. ಕೆಳಗೆ ಹಳದಿ ಹೂ ಬಿಟ್ಟ ತೊಗರಿ. ದೂರದಲ್ಲಿ ಮಾಂಜ್ರಾ ನದಿ ಬಿಸಿಲಿಗೆ ಸರಿಗೆಯಂತೆ ಹೊಳೆಯುತ್ತಿತ್ತು. ಬೀದರ್ ಕೋಟೆಯ ಗೋಡೆಯ ನೆರಳು ಕಂದಕದೊಳಗೆ ಬಿದ್ದಿರುತ್ತಿತ್ತು. ಜೆಟ್ಟಿನಲ್ಲಿ ಹೋಗುವವನಿಗೆ ಇದೆಲ್ಲ ನಕಾಶೆ, ಎಚ್‌ಟಿ-2ರಲ್ಲಿ ಊರು. ಒಲೆಯ ಹೊಗೆ ಯಾವ ಕಡೆ ಬಾಗಿದೆ ಎಂದು ನೋಡಿಯೇ ಗಾಳಿಯ ದಿಕ್ಕು ತಿಳಿಯುತ್ತಿದ್ದೆವು. ಬಾವಿಯ ಕಟ್ಟೆಯಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತಿ ನೋಡುವುದು ಕಾಣುತ್ತಿತ್ತು.

ಮುಂದಿನದು ಬೇಗ ಹೇಳುತ್ತೇನೆ. ಬೀದರಿನಿಂದ ಹೈದರಾಬಾದಿನ ಬಳಿಯ ದುಂಡಿಗಲ್ಲಿನ ವಾಯುಪಡೆ ಅಕಾಡೆಮಿಗೆ ಹೋಗಿ ಕಿರಣ್ ಎಂಬ ತರಬೇತಿ ಜೆಟ್ ಹತ್ತಿದೆವು. ಅದೂ ಬೆಂಗಳೂರಿನದೇ. 1964ರಲ್ಲಿ ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಮೊದಲು ಹಾರಿಸಿದ್ದರು. ಮುಂದೆ ಮೂತಿಚಕ್ರ, ಪಕ್ಕಪಕ್ಕದಲ್ಲಿ ಆಸನ, ದಾರಿ ಎದುರಿಗೇ ಕಾಣುತ್ತದೆ, ಪ್ರೊಪೆಲ್ಲರಿನ ಎಳೆದಾಟವಿಲ್ಲ. ಮೊದಲ ದಿನ ಅಲ್ಲಿನ ಇನ್‌ಸ್ಟ್ರಕ್ಟರ್ ‘ನಿನ್ನ ಕಾಲು ಯಾಕೆ ಸುಮ್ಮನಿರುವುದಿಲ್ಲ?’ ಎಂದು ಕೇಳಿದರು. ಎಚ್‌ಟಿ-2ರ ಜಾಗಕ್ಕೆ 1980ರ ದಶಕದಲ್ಲಿ ದೀಪಕ್ ಬಂತು, ಮುಂದೆ ಸ್ವಿಟ್ಜರ್ಲೆಂಡಿನ ಪಿಲಾಟಸ್ ಬಂತು. ಹೊಸವು ಎಲ್ಲ ರೀತಿಯಲ್ಲೂ ಮೇಲು, ನಾನು ಹಳೆಯದೇ ಚೆನ್ನ ಎನ್ನುವವನಲ್ಲ. ಅಡ್ಡಗಾಳಿಯಲ್ಲಿ ಮಾತ್ರ, ಸಹೋದ್ಯೋಗಿ ಬಾಲಚಕ್ರದಲ್ಲಿ ಕಲಿತವನೋ ಅಲ್ಲವೋ ಎಂದು ಅವನು ಇಳಿಸುವುದನ್ನು ನೋಡಿಯೇ ಹೇಳುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಸರಿಯಾಗುತ್ತಿತ್ತು. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಒಂದು ಎಚ್‌ಟಿ-2 ನಿಂತಿದೆ. ಹೋದರೆ ಅದರ ಬಾಲವನ್ನು ನೋಡಿ ಬನ್ನಿ.

ಸಭೆಯಲ್ಲಿ ಹೇಳದೆ ಬಿಟ್ಟದ್ದು ಇದು. ಮುಂದಿನ ವರ್ಷ ದುಂಡಿಗಲ್ಲಿನಲ್ಲಿ ನಮ್ಮ ಪದವಿ ಪರೇಡಿಗೆ ಅಪ್ಪಯ್ಯ ಬಂದಿದ್ದರು. ಜೆಟ್ಟುಗಳು ಸಾಲಾಗಿ ತಲೆಯ ಮೇಲೆ ಹಾದುಹೋದಾಗ ಕಿವಿ ಮುಚ್ಚಿಕೊಂಡರು, ಏನೂ ಹೇಳಲಿಲ್ಲ. ಇಷ್ಟು ದೂರ ಬಂದ ಮೇಲೆ ಬೀದರಿನ ಝರಣಿ ನರಸಿಂಹನನ್ನು ನೋಡದೆ ಹೋಗುವುದಿಲ್ಲ ಎಂದರು. ಗುಹೆಯೊಳಗೆ ಎದೆಮಟ್ಟ ನೀರಿನಲ್ಲಿ ನಡೆದು ದರ್ಶನ ಮಾಡಿ, ಒದ್ದೆ ಪಂಚೆಯಲ್ಲಿ ಹೊರಗೆ ಬಂದು ಬಿಸಿಲು ಕಾಯಿಸುತ್ತ ನಿಂತೆವು. ಅಷ್ಟರಲ್ಲಿ ದೂರದಲ್ಲಿ ಗುಡುಗುಡು ಸದ್ದು. ಒಂದು ಎಚ್‌ಟಿ-2 ಇಳಿಯಲು ಬರುತ್ತಿತ್ತು. ಮೂತಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಾಡುತ್ತ, ಯಾರೋ ಹೊಸ ಹುಡುಗ. ನಾನು ಏನನ್ನೂ ವಿವರಿಸಿರಲಿಲ್ಲ. ಅಪ್ಪಯ್ಯ ಹಣೆಗೆ ಕೈ ಅಡ್ಡ ಹಿಡಿದು, ಅದು ಮರಗಳ ಹಿಂದೆ ಮರೆಯಾಗುವವರೆಗೂ ನೋಡಿದರು. ಆಮೇಲೆ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು:

‘ಆ ಹುಡುಗನಿಗೆ ಇನ್ನೂ ಕಾಲು ಕುದುರಿಲ್ಲ.’